ಸೊಂಟದ ಕೃತಕ ಬಟ್ಟಲು ಸಡಿಲವಾದರೆ: ಯಾವ ರಿಪೇರಿ ಯಾರಿಗೆ?

ಅಮ್ಮನ ಬಲಗಡೆ ಸೊಂಟದ ಕೀಲು ಬದಲಾಯಿಸಿದ್ದು 2001ರಲ್ಲಿ. ಆಗ ಅವಳಿಗೆ 50. ತೊಡೆಮೂಳೆಯ ತಲೆಗೆ ರಕ್ತ ಹರಿಯುವುದು ನಿಂತು ಮೂಳೆ ಕುಸಿದಿತ್ತು. ಆಪರೇಷನ್ ಆದ ಮೇಲೆ 20 ವರ್ಷ ಡೊಂಬಿವಿಲಿ ಸ್ಟೇಷನ್ನಿನ ಸೇತುವೆ ಹತ್ತಿ ಇಳಿದಳು. ಪ್ರತಿ ಮೇ ತಿಂಗಳು ಕುಂದಾಪುರಕ್ಕೆ ಹೋಗಿ ಬಂದಳು. ಒಳಗೆ ಲೋಹ ಇದೆ ಅನ್ನುವುದೇ ನಮಗೆಲ್ಲ ಮರೆತುಹೋಗಿತ್ತು.

2022ರ ಮಳೆಗಾಲದಲ್ಲಿ, ಕುರ್ಚಿಯಿಂದ ಎದ್ದ ಕೂಡಲೇ ಮೊದಲ ಎರಡು ಮೂರು ಹೆಜ್ಜೆ ನೋವು ಅನ್ನತೊಡಗಿದಳು. ನಡೆಯುತ್ತಾ ಹೋದರೆ ಕಡಿಮೆಯಾಗುತ್ತಿತ್ತು. ದೀಪಾವಳಿ ಹೊತ್ತಿಗೆ ಅವಳ ಸೀರೆಯ ಅಂಚು ಬಲಗಡೆ ಮಾತ್ರ ನೆಲ ಗುಡಿಸತೊಡಗಿತು. ಕಾಲು ಗಿಡ್ಡವಾಗಿದೆ ಅಂತ ನಮಗೆ ಹೇಳಿದ್ದು ಡಾಕ್ಟರಲ್ಲ, ಆ ಅಂಚು. ಎಕ್ಸ್‌ರೇಯಲ್ಲಿ ಸೊಂಟದ ಮೂಳೆಯಲ್ಲಿ ಕೂರಿಸಿದ್ದ ಲೋಹದ ಬಟ್ಟಲು ಮೇಲಕ್ಕೆ ಜಾರಿ ಓರೆಯಾಗಿತ್ತು. ಅದನ್ನು ಹಿಡಿದಿದ್ದ ಎರಡು ಸ್ಕ್ರೂಗಳಲ್ಲಿ ಒಂದು ತುಂಡಾಗಿತ್ತು.

ಆಮೇಲೆ ಮೂವರು ಸರ್ಜನ್‌ಗಳನ್ನು ಕಂಡೆವು. ಮೂವರೂ ಮೂರು ಬೇರೆ ಆಪರೇಷನ್ ಹೇಳಿದರು. ನಮ್ಮ ಮನೆಯಲ್ಲಿ ಆ ರಾತ್ರಿ ಯಾರಿಗೂ ನಿದ್ದೆ ಬರಲಿಲ್ಲ. ಯಾರನ್ನು ನಂಬುವುದು ಅಂತ ಗೊತ್ತಾಗದೆ ಕಳೆದ ಆ ವಾರಗಳನ್ನು ನೆನೆದು ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಫೈಲು ಹಿಡಿದು ಓಡಾಡಿದ ಮಗಳು. ಮುಂಬೈ, ಪುಣೆ, ಗೋವಾ ಕಡೆಯ ನಮ್ಮವರ ಮನೆಯಲ್ಲಿ ಹಳೇ ಹಿಪ್ ಆಪರೇಷನ್ ಆದ ಅಮ್ಮನೋ ಮಾವನೋ ಇದ್ದರೆ, ಡಾಕ್ಟರ ಎದುರು ಕೂರುವ ಮೊದಲು ಇಷ್ಟು ತಿಳಿದಿರಲಿ ಅಂತ ಆಸೆ.

ಮೊದಲು ನೋವಿನ ಜಾಗ ಸರಿಯಾಗಿ ಹೇಳಿ

ಕನ್ನಡದಲ್ಲಿ ನಾವು ‘ಸೊಂಟ ನೋವು’ ಅಂದರೆ ಬೆನ್ನಿನ ಕೆಳಭಾಗವೂ ಆಗಬಹುದು, ಹಿಪ್ ಕೀಲೂ ಆಗಬಹುದು. ಅಮ್ಮ ಹತ್ತಿರದ ಕ್ಲಿನಿಕ್ಕಿನಲ್ಲಿ ಅದನ್ನೇ ಮರಾಠಿಗೆ ತಿರುಗಿಸಿ ‘ಕಂಬರ್ ದುಖ್ತೆ’ ಅಂದಳು. ಕಂಬರ್ ಅಂದರೆ ನಡು. ಸಹಜವಾಗಿ ಬೆನ್ನುಮೂಳೆಯ ಎಂಆರ್‌ಐ ಬರೆದುಕೊಟ್ಟರು. ಬೆನ್ನಿಗೆ ಮಾತ್ರೆ, ಬೆಲ್ಟು, ಶಾಖ ಅಂತ ಮೂರು ತಿಂಗಳು ಹೋಯಿತು. ಹಿಪ್ ಕೀಲಿಗೆ ಮರಾಠಿಯಲ್ಲಿ ‘ಖುಬಾ’ ಅನ್ನುತ್ತಾರೆ. ಆ ಒಂದು ಪದ ಗೊತ್ತಿದ್ದರೆ ಮೂರು ತಿಂಗಳ ಮೂಳೆ ಸವೆತ ಉಳಿಯುತ್ತಿತ್ತೋ ಏನೋ.

ಬೆರಳಿಟ್ಟು ತೋರಿಸುವುದು ಎಲ್ಲಕ್ಕಿಂತ ಒಳ್ಳೆಯದು. ತೊಡೆಸಂದಿನಲ್ಲಿ ನೋವಿದ್ದರೆ ಸಾಮಾನ್ಯವಾಗಿ ಬಟ್ಟಲಿನ ಮೇಲೆ ಅನುಮಾನ. ತೊಡೆಯ ಮಧ್ಯದಲ್ಲಿ ಇದ್ದರೆ ತೊಡೆಮೂಳೆಯೊಳಗಿನ ಕಾಂಡದ ಮೇಲೆ. ಎದ್ದ ಕೂಡಲೇ ನೋವು, ನಡೆದರೆ ಕಡಿಮೆ ಅಂದರೆ ಸಡಿಲವಾಗಿರುವ ಲಕ್ಷಣ. ಸುಮ್ನೆ ಮಲಗಿದ್ದಾಗಲೂ, ರಾತ್ರಿಯೂ ನೋವು ಅಂದರೆ ಸೋಂಕು ಇದೆಯೇ ಅಂತ ನೋಡಲೇಬೇಕು.

ಒಳಗೆ ಏನಾಗಿರುತ್ತದೆ

ಕೃತಕ ಹಿಪ್‌ನಲ್ಲಿ ನಾಲ್ಕು ತುಂಡು. ತೊಡೆಮೂಳೆಯೊಳಗೆ ಕಾಂಡ. ಅದರ ತುದಿಗೆ ಗುಂಡು. ಸೊಂಟದ ಮೂಳೆಯಲ್ಲಿ ಲೋಹದ ಬಟ್ಟಲು. ಬಟ್ಟಲಿನೊಳಗೆ ಪ್ಲಾಸ್ಟಿಕ್ಕಿನ ಒಳಪದರ, ಅದೇ ಲೈನರ್. ಅಮ್ಮನಿಗೆ ನಾನು ತೆಂಗಿನ ಗೆರಟೆಯಲ್ಲಿ ನಿಂಬೆಹಣ್ಣು ಇಟ್ಟು ತೋರಿಸಿದೆ. ಅವಳಿಗೆ ತಕ್ಷಣ ಅರ್ಥವಾಯಿತು.

ಗುಂಡು ತಿರುಗಿದಂತೆ ಲೈನರ್ ಸವೆಯುತ್ತದೆ. ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಪುಡಿ ಸುತ್ತ ಸೇರುತ್ತದೆ. ದೇಹದ ಜೀವಕೋಶಗಳು ಆ ಪುಡಿಯನ್ನು ನುಂಗುತ್ತವೆ, ಅರಗಿಸಿಕೊಳ್ಳಲು ಆಗುವುದಿಲ್ಲ. ಆ ಕೆರಳಾಟದಲ್ಲಿ ಪಕ್ಕದ ಮೂಳೆಯೇ ಕರಗುತ್ತಾ ಹೋಗುತ್ತದೆ. ಬಟ್ಟಲು ಸಡಿಲವಾಗುವವರೆಗೆ ಇದಕ್ಕೆ ಸಾಮಾನ್ಯವಾಗಿ ನೋವೇ ಇರುವುದಿಲ್ಲ, ಅದೇ ದೊಡ್ಡ ಕಷ್ಟ. ಈ ಪಾಠ ಹಳೆಯದು. ಇಂಗ್ಲೆಂಡಿನ ಜಾನ್ ಚಾರ್ನ್ಲಿ ಮೊದಲು ಟೆಫ್ಲಾನ್ ಬಟ್ಟಲು ಹಾಕಿದರು, ಅದು ಬೇಗ ಸವೆದು ಕೆಟ್ಟಿತು. 1962ರಲ್ಲಿ ಅವರು ಗಟ್ಟಿ ಪಾಲಿಎಥಿಲೀನ್‌ಗೆ ಬದಲಾಯಿಸಿದ ಮೇಲೆಯೇ ಈ ಆಪರೇಷನ್ ಜಗತ್ತಿಗೆ ಹರಡಿದ್ದು. ಈಗ ಬರುವ ಪ್ಲಾಸ್ಟಿಕ್ ಇನ್ನೂ ಎಷ್ಟೋ ಕಡಿಮೆ ಸವೆಯುತ್ತದೆ. ಅಮ್ಮನ ಕಾಲದ್ದು ಹಾಗಿರಲಿಲ್ಲ.

ಸವೆತ ಒಂದೇ ಕಾರಣ ಅಲ್ಲ. ಸೋಂಕು, ಪದೇ ಪದೇ ಕೀಲು ಜಾರುವುದು, ಬಿದ್ದು ಮೂಳೆ ಮುರಿಯುವುದು, ಲೋಹಕ್ಕೆ ಲೋಹ ಉಜ್ಜುವ ಕೀಲುಗಳಲ್ಲಿ ಕೋಬಾಲ್ಟ್, ಕ್ರೋಮಿಯಂ ಬಿಡುಗಡೆಯಾಗಿ ಸುತ್ತಲ ಮಾಂಸ ಹಾಳಾಗುವುದು, ಇವೂ ಇವೆ. ಡಿಪ್ಯೂ ಕಂಪನಿ 2010ರ ಆಗಸ್ಟ್‌ನಲ್ಲಿ ಎಎಸ್‌ಆರ್ ಎಂಬ ತನ್ನ ಇಂಥ ಕೀಲುಗಳನ್ನು ಜಗತ್ತಿನಾದ್ಯಂತ ವಾಪಸ್ ಪಡೆದಿತ್ತು. ನಮ್ಮ ದೇಶದಲ್ಲೂ ಸಾವಿರಾರು ಜನರಿಗೆ ಅದನ್ನು ಹಾಕಿದ್ದರು. ನಿಮ್ಮವರ ಆಪರೇಷನ್ 2010ರ ಹಿಂದುಮುಂದಿನದ್ದಾದರೆ ಯಾವ ಕೀಲು ಅಂತ ಮೊದಲು ಹುಡುಕಿ.

ಹುಡುಕುವುದು ಎಲ್ಲಿ? ಹಳೇ ಡಿಸ್ಚಾರ್ಜ್ ಫೈಲಿನಲ್ಲಿ. ಇಂಪ್ಲಾಂಟ್ ಡಬ್ಬಿಯ ಸ್ಟಿಕ್ಕರನ್ನು ಆಸ್ಪತ್ರೆಯವರು ಅಲ್ಲಿ ಅಂಟಿಸಿರುತ್ತಾರೆ. ಕಂಪನಿ, ಅಳತೆ, ನಂಬರು ಎಲ್ಲ ಅದರಲ್ಲಿರುತ್ತದೆ. ನಮ್ಮ ಸ್ಟಿಕ್ಕರ್ ಸಿಕ್ಕಿದ್ದು ಅಪ್ಪನ ಎಲ್‌ಐಸಿ ರಸೀದಿಗಳ ಕಟ್ಟಿನೊಳಗೆ. ಬಣ್ಣ ಮಾಸಿತ್ತು, ನಂಬರು ಓದಲು ಬರುತ್ತಿತ್ತು. ಆ ಎರಡು ಇಂಚಿನ ಕಾಗದ ಆಮೇಲೆ ಎಷ್ಟು ಕೆಲಸಕ್ಕೆ ಬಂತು ಅಂತ ಹೇಳಿ ಮುಗಿಯುವುದಿಲ್ಲ.

ಬ್ರ್ಯಾಂಡ್ ಕೇಳಬೇಡಿ, ಮೂಳೆ ಕೇಳಿ

‘ಯಾವ ಇಂಪ್ಲಾಂಟ್ ಒಳ್ಳೆಯದು ಡಾಕ್ಟ್ರೇ?’ ನಾವೂ ಶುರು ಮಾಡಿದ್ದು ಇದರಿಂದಲೇ. ಅದು ತಪ್ಪು ಪ್ರಶ್ನೆ. ಕೇಳಬೇಕಾದ್ದು ಎರಡೇ: ಮೂಳೆ ಎಷ್ಟು ಉಳಿದಿದೆ? ಸೋಂಕು ಇದೆಯಾ? ಎಲ್ಲ ಆಯ್ಕೆಗಳೂ ಈ ಎರಡು ಉತ್ತರಗಳಿಂದಲೇ ಕವಲೊಡೆಯುತ್ತವೆ.

ಸೊಂಟದಲ್ಲಿ ಬಟ್ಟಲು ಕೂರುವ ಗುಳಿ ಮೂರು ಮೂಳೆಗಳು ಸೇರುವ ಜಾಗ. ಮೇಲೆ ಅಗಲವಾದದ್ದು, ಕೆಳಗೆ ನಾವು ಕೂರುವ ಮೂಳೆ, ಮುಂದೆ ಹೊಟ್ಟೆಯ ಕೆಳಗಿನದ್ದು. ಯಾವ ಕಡೆಯ ಗೋಡೆ ಹೋಗಿದೆ ಅನ್ನುವುದನ್ನು ಅಳೆಯಲು ಸರ್ಜನ್‌ಗಳು ಜಾಸ್ತಿ ಬಳಸುವುದು ಅಮೆರಿಕದ ಪ್ಯಾಪ್ರೋಸ್ಕಿ ಎಂಬ ಸರ್ಜನ್ 1994ರಲ್ಲಿ ಪ್ರಕಟಿಸಿದ ವಿಂಗಡಣೆ. ಒಂದನೇ ದರ್ಜೆಯಲ್ಲಿ ಅಂಚು ಪೂರ್ತಿ ಇದೆ. ಎರಡರಲ್ಲಿ ಸ್ವಲ್ಪ ಹೋಗಿದೆ, ಆದರೂ ಹೊಸ ಬಟ್ಟಲನ್ನು ಹಿಡಿಯುವಷ್ಟಿದೆ. ಮೂರರಲ್ಲಿ ಕೀಲಿನ ಕೇಂದ್ರ 3 ಸೆಂಟಿಮೀಟರಿಗಿಂತ ಜಾಸ್ತಿ ಮೇಲೆ ಹೋಗಿರುತ್ತದೆ.

ಮೂರರಲ್ಲಿ ಎರಡು ಬಗೆ. ಪುಣೆಯ ಡಾಕ್ಟರು ಕಾಗದದ ಮೇಲೆ ಗಡಿಯಾರ ಬರೆದು ತೋರಿಸಿದರು. ಆ ಗುಳಿಯ ಅಂಚನ್ನು ಗಡಿಯಾರ ಅಂದುಕೊಳ್ಳಿ. 10 ಗಂಟೆಯಿಂದ 2 ಗಂಟೆವರೆಗಿನ ಮೂಳೆ ಹೋಗಿದ್ದರೆ 3ಎ. ಬಟ್ಟಲು ಮೇಲಕ್ಕೆ, ಹೊರಕ್ಕೆ ಜಾರುತ್ತದೆ. 9ರಿಂದ 5ರವರೆಗೆ ಹೋಗಿದ್ದರೆ 3ಬಿ. ಬಟ್ಟಲು ಮೇಲಕ್ಕೆ, ಒಳಕ್ಕೆ, ಹೊಟ್ಟೆಯ ಕಡೆಗೆ ಹೋಗುತ್ತದೆ. ಇದು ಕಷ್ಟದ ಬಗೆ. ಇಲ್ಲಿ ಸೊಂಟದ ಮೂಳೆಯ ಮೇಲರ್ಧ, ಕೆಳಗರ್ಧ ಒಂದಕ್ಕೊಂದು ಬಿಟ್ಟುಹೋಗಿರುವ ಸಂಭವ ಇರುತ್ತದೆ. ಬಟ್ಟಲು ಒಳಗೆ ತುಂಬಾ ಸರಿದಿದ್ದರೆ ಪಕ್ಕದಲ್ಲೇ ದೊಡ್ಡ ರಕ್ತನಾಳಗಳಿವೆ. ಅದಕ್ಕೆ ಮೊದಲೇ ರಕ್ತನಾಳದ ಸ್ಕ್ಯಾನ್ ಬೇಕಾಗಬಹುದು, ಅಂದು ರಕ್ತನಾಳದ ಸರ್ಜನ್ ಕೂಡ ಅಲ್ಲಿರಬೇಕಾಗಬಹುದು.

ಇದೆಲ್ಲ ಒಂದೇ ನೇರ ಎಕ್ಸ್‌ರೇಯಲ್ಲಿ ಸಿಗುವುದಿಲ್ಲ. ಓರೆ ಎಕ್ಸ್‌ರೇಗಳು ಬೇಕು. ಲೋಹದಿಂದ ಚಿತ್ರದಲ್ಲಿ ಬರುವ ಮಿಂಚು ಕಡಿಮೆ ಮಾಡುವ ವಿಧಾನದಲ್ಲಿ ತೆಗೆದ ಸಿಟಿ ಸ್ಕ್ಯಾನ್ ಬೇಕು. ಸಿಟಿ ಇಲ್ಲದೆ ‘ಬಟ್ಟಲು ಬದಲಾಯಿಸಿಬಿಡೋಣ’ ಅಂದರೆ ಒಂದು ನಿಮಿಷ ನಿಲ್ಲಿ ಅಂತ ನಾನು ಹೇಳುತ್ತೇನೆ.

ಸೋಂಕು ಇದ್ದರೆ ದಾರಿಯೇ ಬೇರೆ

ಇಎಸ್‌ಆರ್, ಸಿಆರ್‌ಪಿ ಅಂದರೆ ದೇಹದೊಳಗಿನ ಉರಿಯೂತದ ಸುಳಿವು ಕೊಡುವ ರಕ್ತಪರೀಕ್ಷೆಗಳು, ದುಬಾರಿಯಲ್ಲ. ಅನುಮಾನ ಬಂದರೆ ಕೀಲಿನಿಂದ ಸೂಜಿಯಲ್ಲಿ ನೀರು ತೆಗೆದು ಕಲ್ಚರ್‌ಗೆ, ಅಂದರೆ ಕ್ರಿಮಿ ಬೆಳೆಯುತ್ತದೆಯೇ ನೋಡಲು, ಕಳಿಸುತ್ತಾರೆ. ಅದಕ್ಕೆ ಮುಂಚೆ ಎರಡು ವಾರವಾದರೂ ಆಂಟಿಬಯೋಟಿಕ್ ತಿಂದಿರಬಾರದು, ಇಲ್ಲದಿದ್ದರೆ ಕ್ರಿಮಿ ಇದ್ದರೂ ಬೆಳೆಯುವುದಿಲ್ಲ. ನೆಗಡಿಗೆ ಅಂತ ಮೆಡಿಕಲ್ ಅಂಗಡಿಯಿಂದ ತಂದು ನುಂಗುವ ಅಭ್ಯಾಸ ನಮ್ಮಲ್ಲಿ ಇದೆಯಲ್ವಾ, ಆ ಹೊತ್ತಿನಲ್ಲಿ ಅದು ಬೇಡವೇ ಬೇಡ.

ಸೋಂಕು ಖಚಿತವಾದರೆ ಸಾಮಾನ್ಯವಾಗಿ ಎರಡು ಹಂತ. ಮೊದಲು ಎಲ್ಲ ಲೋಹ ತೆಗೆದು, ಆಂಟಿಬಯೋಟಿಕ್ ಬೆರೆಸಿದ ಸಿಮೆಂಟಿನ ತಾತ್ಕಾಲಿಕ ಕೀಲು ಇಡುತ್ತಾರೆ. ಸುಮಾರು ಆರು ವಾರ ಔಷಧಿ. ಸೋಂಕು ಹೋಗಿದೆ ಅಂತ ಖಾತ್ರಿಯಾದ ಮೇಲೆ ಹೊಸದು. ಕ್ರಿಮಿ ಯಾವುದು ಅಂತ ಮೊದಲೇ ಗೊತ್ತಿದ್ದು, ಮಾಂಸ ಚೆನ್ನಾಗಿದ್ದರೆ ಒಂದೇ ಹಂತದಲ್ಲೂ ಮಾಡುತ್ತಾರೆ. ಜರ್ಮನಿಯ ಹ್ಯಾಂಬರ್ಗ್ ಇದಕ್ಕೆ ಹೆಸರಾದ ಊರು. ಒಂದೇ ಆಪರೇಷನ್ ಅನ್ನುವ ಆಸೆಗೆ ಇದನ್ನು ಆರಿಸಿಕೊಳ್ಳುವುದಲ್ಲ, ಷರತ್ತುಗಳು ಕೂಡಿಬಂದರೆ ಮಾತ್ರ.

ಏನು ಮಾಡಿದರೂ ಸೋಂಕು ಹೋಗದಿದ್ದರೆ, ಅಥವಾ ದೇಹ ಇನ್ನೊಂದು ದೊಡ್ಡ ಆಪರೇಷನ್ ತಡೆಯದಿದ್ದರೆ, ಕೀಲು ತೆಗೆದು ಹಾಗೇ ಬಿಡುವ ದಾರಿಯೂ ಇದೆ. ಗರ್ಡಲ್‌ಸ್ಟೋನ್ ಅನ್ನುತ್ತಾರೆ. ಕಾಲು ಗಿಡ್ಡವಾಗುತ್ತದೆ, ಊರುಗೋಲು ಬೇಕು. ಆದರೆ ಸಾಮಾನ್ಯವಾಗಿ ಕೀವು ನಿಲ್ಲುತ್ತದೆ, ನೋವು ಇಳಿಯುತ್ತದೆ. ಇದನ್ನು ಸೋಲು ಅಂತ ಯಾರೂ ಹೇಳಬಾರದು.

ಇನ್ನು ಮುಂದಿನದೆಲ್ಲ ಸೋಂಕು ಇಲ್ಲದವರಿಗೆ.

ಬರೀ ಲೈನರ್ ಬದಲಾವಣೆ

ಬಟ್ಟಲು ಮೂಳೆಗೆ ಗಟ್ಟಿಯಾಗಿ ಕೂತಿದೆ, ಕೋನ ಸರಿಯಿದೆ, ಪ್ಲಾಸ್ಟಿಕ್ ಮಾತ್ರ ಸವೆದಿದೆ ಅಂದರೆ ಲೈನರ್ ಮತ್ತು ಗುಂಡು ಬದಲಾಯಿಸಿದರೆ ಸಾಕು. ಹಿಂದಿನ ಮೂಳೆ ಪೊಳ್ಳಾಗಿದ್ದರೆ ಸ್ಕ್ರೂ ತೂತಿನಿಂದ ಮೂಳೆ ಪುಡಿ ತುಂಬಬಹುದು. ಚಿಕ್ಕ ಆಪರೇಷನ್. ಬೇಗ ಭಾರ ಹಾಕಿ ನಡೆಯಬಹುದು.

ಎರಡು ಎಚ್ಚರಿಕೆ. ಇದರ ನಂತರ ಕೀಲು ಜಾರುವ ಸಂಭವ ಜಾಸ್ತಿ. ಇನ್ನೊಂದು, ಹಳೇ ಬಟ್ಟಲಿಗೆ ಕೂರುವ ಲೈನರನ್ನು ಕಂಪನಿ ಈಗಲೂ ಮಾಡುತ್ತಿರಬೇಕು. ಸ್ಟಿಕ್ಕರ್ ಬೇಕಾಗುವುದು ಇಲ್ಲೇ. ಸಿಗದಿದ್ದರೆ ಬೇರೆ ಲೈನರನ್ನು ಸಿಮೆಂಟಿನಲ್ಲಿ ಕೂರಿಸುವ ವಿಧಾನವೂ ಇದೆ. ಪ್ರತಿ ವರ್ಷ ಎಕ್ಸ್‌ರೇ ತೆಗೆಸುತ್ತಿದ್ದರೆ ಅಮ್ಮನದ್ದು ಈ ಹಂತದಲ್ಲೇ ಮುಗಿಯುತ್ತಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ನಾವು 12 ವರ್ಷ ಒಂದೂ ತೆಗೆಸಿರಲಿಲ್ಲ.

ದೊಡ್ಡ ಬಟ್ಟಲು, ಸ್ಕ್ರೂ

ಜಗತ್ತಿನಲ್ಲಿ ಜಾಸ್ತಿ ಆಗುವುದು ಇದೇ. ಹಳೇ ಬಟ್ಟಲು ತೆಗೆದು, ಹೊರಮೈ ಒರಟಾದ, ರಂಧ್ರಗಳಿರುವ ಲೋಹದ ಬಟ್ಟಲನ್ನು ಒತ್ತಿ ಕೂರಿಸಿ ಸ್ಕ್ರೂ ಹಾಕುತ್ತಾರೆ. ಮೂಳೆ ಬೆಳೆದು ರಂಧ್ರಗಳೊಳಗೆ ಹಿಡಿದುಕೊಳ್ಳುತ್ತದೆ. ಹೆಂಗಸರಿಗೆ 62 ಮಿಲಿಮೀಟರ್, ಗಂಡಸರಿಗೆ 66 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡದಾದರೆ ‘ಜಂಬೋ’ ಅನ್ನುತ್ತಾರೆ.

ಸರಳ, ಪಳಗಿದ ವಿಧಾನ. ಆದರೆ ಬಟ್ಟಲಿನ ಅರ್ಧದಷ್ಟಾದರೂ ಜೀವಂತ ಮೂಳೆಗೆ ತಾಗಿರಬೇಕು ಅನ್ನುವುದು ಹಳೆಯ ನಿಯಮ. ಒಂದು, ಎರಡನೇ ದರ್ಜೆಯವರಿಗೆ ಸಾಮಾನ್ಯವಾಗಿ ಇದು ಸಾಕು, ಇದಕ್ಕಿಂತ ದೊಡ್ಡ ರಿಪೇರಿಗೆ ಹೋಗಬೇಕಾಗಿಲ್ಲ. ಕೊರತೆ ಏನೆಂದರೆ, ಹೋದ ಮೂಳೆ ವಾಪಸ್ ಬರುವುದಿಲ್ಲ. ದೊಡ್ಡ ಬಟ್ಟಲಿಗೆ ಜಾಗ ಮಾಡಲು ಇನ್ನಷ್ಟು ಕೊರೆಯಬೇಕಾಗಬಹುದು. ಬಟ್ಟಲು ಮುಂದೆ ಚಾಚಿಕೊಂಡರೆ ಅಲ್ಲಿನ ಸ್ನಾಯುವಿನ ನಾರಿಗೆ ಉಜ್ಜಿ, ಕಾಲೆತ್ತಿದಾಗ ತೊಡೆಸಂದು ನೋಯುತ್ತದೆ.

ಮೂಳೆ ಚೂರು ಗುದ್ದಿ ತುಂಬುವುದು

ನನಗೆ ಇದು ಎಲ್ಲಕ್ಕಿಂತ ಇಷ್ಟವಾದ ವಿಧಾನ, ಅಮ್ಮನಿಗೆ ಆಗಿಬರಲಿಲ್ಲ ಅಷ್ಟೆ. ನೆದರ್ಲೆಂಡ್ಸಿನ ನೈಮೇಖನ್ ಊರಿನಲ್ಲಿ ಸ್ಲೂಫ್ ಎಂಬ ಸರ್ಜನ್ ಮತ್ತು ಅವರ ತಂಡ 1979ರಲ್ಲಿ ಶುರು ಮಾಡಿದ್ದು. ಬೇರೆಯವರ ಆಪರೇಷನ್‌ನಲ್ಲಿ ತೆಗೆದ ತೊಡೆಮೂಳೆಯ ತಲೆಯನ್ನು ದಾನವಾಗಿ ಪಡೆದು, ಪರೀಕ್ಷಿಸಿ, ಸುಮಾರು ಒಂದು ಸೆಂಟಿಮೀಟರಿನ ಚೂರು ಮಾಡಿ ತೊಳೆಯುತ್ತಾರೆ. ಗುಳಿಯೊಳಗೆ ಒಂದು ಪದರ ಹಾಕಿ ಸುತ್ತಿಗೆಯಿಂದ ಗುದ್ದುತ್ತಾರೆ. ಮತ್ತೊಂದು ಪದರ, ಮತ್ತೆ ಗುದ್ದು. ಊರಲ್ಲಿ ಮಣ್ಣಿನ ನೆಲ ದಮ್ಮಸು ಮಾಡುತ್ತಿದ್ದರಲ್ಲ, ಥೇಟ್ ಹಾಗೆ. ಅಂಚು ಒಡೆದಿದ್ದರೆ ಲೋಹದ ಜಾಲರಿ ಕಟ್ಟಿಕೊಳ್ಳುತ್ತಾರೆ. ಮೇಲೆ ಸಿಮೆಂಟು, ಅದರ ಮೇಲೆ ಪ್ಲಾಸ್ಟಿಕ್ ಬಟ್ಟಲು. ವರ್ಷಗಳು ಕಳೆದಂತೆ ಆ ಚೂರುಗಳ ಜಾಗದಲ್ಲಿ ರೋಗಿಯ ಸ್ವಂತ ಮೂಳೆ ಬೆಳೆಯುತ್ತದೆ.

ಈಗ ಬಳಸುವ ಉಳಿದ ವಿಧಾನಗಳು ಹೆಚ್ಚಾಗಿ ಹೋದ ಮೂಳೆಯ ಜಾಗವನ್ನು ಲೋಹದಿಂದ ತುಂಬುತ್ತವೆ. ಇದು ಮೂಳೆಯನ್ನೇ ಮರಳಿಸಲು ನೋಡುತ್ತದೆ. ಅದಕ್ಕೇ ಚಿಕ್ಕ ವಯಸ್ಸಿನವರಿಗೆ ಇದರ ಬೆಲೆ ಜಾಸ್ತಿ. ಅವರಿಗೆ ಜೀವಮಾನದಲ್ಲಿ ಇನ್ನೊಮ್ಮೆ ಆಪರೇಷನ್ ಬೇಕಾಗಬಹುದು, ಆಗ ಹಿಡಿಯಲು ಮೂಳೆ ಇರಬೇಕಲ್ಲ. ವಾಸ್ಕೋದಲ್ಲಿರುವ ನಮ್ಮ ಸೋದರತ್ತೆಯ ಮಗನಿಗೆ 44 ವರ್ಷ. ಅವನ ಬಟ್ಟಲು ಒಳಗಡೆ ಗುಳಿ ಮಾಡಿತ್ತು, ಸುತ್ತಲ ಅಂಚು ಗಟ್ಟಿಯಿತ್ತು. ಅವನಿಗೆ ಮಾಡಿದ್ದು ಇದನ್ನೇ.

ಮಿತಿಗಳೂ ಇವೆ. ಅಂಚು ದೊಡ್ಡದಾಗಿ ಹೋಗಿದ್ದರೆ, ಸೊಂಟದ ಮೂಳೆ ಎರಡಾಗಿದ್ದರೆ ಇದು ನಿಲ್ಲುವುದು ಕಷ್ಟ. ಕೈಪಳಗಿದ ಸರ್ಜನ್ ಬೇಕು. ಎರಡು ಮೂರು ತಿಂಗಳು ಆ ಕಾಲಿನ ಮೇಲೆ ಪೂರ್ತಿ ಭಾರ ಹಾಕುವಂತಿಲ್ಲ. ಮತ್ತೆ ದಾನದ ಮೂಳೆ ಬೇಕು. ಮುಂಬೈಯಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಟಿಶ್ಯೂ ಬ್ಯಾಂಕ್ 1988ರಿಂದ ಇದೆ. ಅಲ್ಲಿ ದಾನದ ಮೂಳೆಯನ್ನು ಸಂಸ್ಕರಿಸಿ ಗಾಮಾ ವಿಕಿರಣದಿಂದ ಕ್ರಿಮಿರಹಿತ ಮಾಡುತ್ತಾರೆ. ನಿಮ್ಮ ಸರ್ಜನ್ ಮೂಳೆ ಎಲ್ಲಿಂದ ತರಿಸುತ್ತಾರೆ ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ಚೂರಿನ ಬದಲು ಇಡೀ ಮೂಳೆಯ ತುಂಡನ್ನು ಸ್ಕ್ರೂ ಹಾಕಿ ಕೂರಿಸುವ ವಿಧಾನವೂ ಇತ್ತು. ಅದು ವರ್ಷಗಳಲ್ಲಿ ಕರಗಿ ಕುಸಿಯುವುದು ಕಂಡುಬಂದ ಮೇಲೆ ಬಳಕೆ ಕಡಿಮೆಯಾಗಿದೆ.

ಲೋಹದ ಬೆಣೆ

ಬಡಗಿ ಸಂದು ಬಿಟ್ಟಲ್ಲಿ ಬೆಣೆ ಹೊಡೆಯುತ್ತಾನಲ್ಲ, ಇದು ಅದೇ. ಮೇಲಿನ ಅಂಚು ಹೋದ 3ಎ ಬಗೆಗೆ ಹೇಳಿಮಾಡಿಸಿದಂತಿದೆ. ಟ್ಯಾಂಟಲಮ್ ಅಥವಾ ಟೈಟಾನಿಯಮ್ ಲೋಹದ ತುಂಡು, ನೋಡಲು ಸ್ಪಂಜಿನ ಹಾಗೆ. ಮುಕ್ಕಾಲು ಪಾಲು ಬರೀ ರಂಧ್ರ. ಸರ್ಜನ್ ಒಂದು ಮಾದರಿಯನ್ನು ನನ್ನ ಅಂಗೈಗೆ ಕೊಟ್ಟರು. ಹಲಸಿನ ತೊಳೆಯಷ್ಟು ದೊಡ್ಡದು. ಬೆರಳಿಗೆ ಒರಟು, ಒಣಗಿದ ತೆಂಗಿನಕಾಯಿ ಸಿಪ್ಪೆ ಮುಟ್ಟಿದ ಹಾಗೆ. ಈ ಒರಟಿಗೇ ಮೂಳೆ ಬೆಳೆದು ಹಿಡಿಯುತ್ತದೆ.

ಬೆಣೆಯನ್ನು ಹೋದ ಜಾಗದಲ್ಲಿ ಸ್ಕ್ರೂ ಹಾಕಿ ಕೂರಿಸಿ, ಅದರ ಕೆಳಗೆ ಬಟ್ಟಲು ಇಡುತ್ತಾರೆ. ಎರಡರ ನಡುವೆ ಸಿಮೆಂಟಿನ ಗೆರೆ, ಎರಡೂ ಒಂದಾಗಿ ನಿಲ್ಲಲಿ ಅಂತ. ಮೂಳೆಯ ತುಂಡಿನಂತೆ ಇದು ಕರಗುವುದಿಲ್ಲ. ಹಲವು ಆಕಾರ, ಅಳತೆಗಳು ಡಬ್ಬಿಯಲ್ಲಿ ಬರುತ್ತವೆ, ಆಪರೇಷನ್ ಟೇಬಲ್ ಮೇಲೆ ನೋಡಿ ಆರಿಸಬಹುದು. ಮೇಲೆ ಜಾರಿದ ಕೀಲನ್ನು ಮತ್ತೆ ಕೆಳಗೆ ಅದರ ಜಾಗಕ್ಕೆ ತರಬಹುದು, ಕಾಲಿನ ಉದ್ದವೂ ಸುಮಾರಾಗಿ ಸರಿಯಾಗುತ್ತದೆ. ಬೆಲೆ ಜಾಸ್ತಿ. ಒಮ್ಮೆ ಮೂಳೆ ಹಿಡಿದ ಮೇಲೆ ತೆಗೆಯಬೇಕಾಗಿ ಬಂದರೆ ಬಹಳ ಕಷ್ಟ. 70 ದಾಟಿದವರಿಗೆ ಆ ಎರಡನೇ ಚಿಂತೆ ಅಷ್ಟು ದೊಡ್ಡದಲ್ಲ ಅನ್ನುವುದು ನನ್ನ ಅನಿಸಿಕೆ.

ಮೂಳೆ ತೀರಾ ಹೋಗಿದ್ದರೆ

ಹಳೆಯ ಉಪಾಯ ಲೋಹದ ಪಂಜರ. ಮೇಲಿನ ಮೂಳೆಯಿಂದ ಕೂರುವ ಮೂಳೆವರೆಗೆ ಸೇತುವೆಯಂತೆ ಸ್ಕ್ರೂ ಹಾಕಿ, ಅದರೊಳಗೆ ಸಿಮೆಂಟಿನಲ್ಲಿ ಬಟ್ಟಲು. ಇದಕ್ಕೆ ಮೂಳೆ ಬೆಳೆದು ಹಿಡಿಯುವುದಿಲ್ಲ. ಹಾಗಾಗಿ ನಡೆದಾಟ ಜಾಸ್ತಿ ಇರುವವರಲ್ಲಿ ಕೆಲವು ವರ್ಷಗಳಲ್ಲಿ ಸಡಿಲವಾಗುವುದು, ಮುರಿಯುವುದು ಉಂಟು. ತುಂಬಾ ವಯಸ್ಸಾದ, ಮನೆಯೊಳಗೆ ಮಾತ್ರ ಓಡಾಡುವವರಿಗೆ ಈಗಲೂ ಸಲ್ಲುತ್ತದೆ.

ಇದಕ್ಕಿಂತ ಗಟ್ಟಿಯದು ಬಟ್ಟಲು ಮತ್ತು ಪಂಜರ ಎರಡೂ ಸೇರಿದ್ದು. ಒಳಗೆ ರಂಧ್ರದ ಲೋಹದ ಬಟ್ಟಲು, ಅದರ ಮೇಲೆ ಪಂಜರ. ಬಟ್ಟಲಿಗೆ ಮೂಳೆ ಹಿಡಿಯುವವರೆಗೆ ಪಂಜರ ಭಾರ ಹೊರುತ್ತದೆ. ಸೊಂಟದ ಮೂಳೆ ಎರಡಾದವರಿಗೆ ಇದನ್ನು ಹೆಚ್ಚಾಗಿ ಹೇಳುತ್ತಾರೆ.

ಕೊನೆಯದು ಅಳತೆಗೆ ಮಾಡಿಸಿದ ಇಂಪ್ಲಾಂಟ್. ಸಿಟಿ ಸ್ಕ್ಯಾನಿನಿಂದ ರೋಗಿಯ ಸೊಂಟದ ಪ್ರತಿರೂಪ ತಯಾರಿಸಿ, ಅದಕ್ಕೆ ಸರಿಯಾಗಿ ಮೂರು ರೆಕ್ಕೆಯ ಲೋಹದ ಬಟ್ಟಲು ಮಾಡುತ್ತಾರೆ. ಈಗ 3ಡಿ ಪ್ರಿಂಟಿಂಗ್‌ನಲ್ಲಿ ನಮ್ಮ ದೇಶದಲ್ಲೂ ಆಗುತ್ತದೆ. 3ಬಿ ಬಗೆಯವರಿಗೆ, ಹಲವು ಸಲ ಆಪರೇಷನ್ ಆಗಿ ಏನೂ ಉಳಿಯದವರಿಗೆ ಇದು ನಿಜವಾದ ಆಸರೆ. ಆದರೆ ವಾರಗಟ್ಟಲೆ ಕಾಯಬೇಕು. ಆ ಹೊತ್ತಿನಲ್ಲಿ ಮೂಳೆ ಇನ್ನೂ ಹೋದರೆ ಅಳತೆ ತಪ್ಪುತ್ತದೆ. ಟೇಬಲ್ ಮೇಲೆ ಆಕಾರ ಬದಲಾಯಿಸಲು ಬರುವುದಿಲ್ಲ. ಕೂರಿಸಲು ಮಾಂಸವನ್ನು ಅಗಲವಾಗಿ ಬಿಡಿಸಬೇಕು, ಅಲ್ಲಿ ನರಕ್ಕೆ ಪೆಟ್ಟಾಗುವ ಅಪಾಯವಿದೆ. ಹೊಸದು, 3ಡಿ ಅನ್ನುವ ಕಾರಣಕ್ಕೇ ಇದು ಉಳಿದವಕ್ಕಿಂತ ಮೇಲು ಅಂತ ಅಲ್ಲ.

ಕೀಲು ಪದೇ ಪದೇ ಜಾರುತ್ತಿದ್ದರೆ ‘ಡ್ಯುಯಲ್ ಮೊಬಿಲಿಟಿ’ ಬಗ್ಗೆ ಕೇಳಿ. ಚಿಕ್ಕ ಗುಂಡು ದೊಡ್ಡ ಪ್ಲಾಸ್ಟಿಕ್ ಗುಂಡಿನೊಳಗೆ, ಆ ದೊಡ್ಡದು ನಯವಾದ ಬಟ್ಟಲಿನೊಳಗೆ ತಿರುಗುತ್ತದೆ. 1970ರ ದಶಕದಲ್ಲಿ ಫ್ರಾನ್ಸಿನ ಬೂಸ್ಕೆ ಎಂಬ ಸರ್ಜನ್ ಮಾಡಿದ್ದು. ಮೇಲಿನ ಹಲವು ರಿಪೇರಿಗಳ ಜೊತೆಗೆ ಇದನ್ನು ಹೊಂದಿಸಬಹುದು. ಗುಂಡನ್ನು ಉಂಗುರದಿಂದ ಬಂಧಿಸುವ ಲೈನರೂ ಇದೆ, ಅದು ಹೊಸ ಬಟ್ಟಲನ್ನೇ ಎಳೆದು ಸಡಿಲಿಸಬಹುದಾದ್ದರಿಂದ ಕೊನೆಗೆ ಇಟ್ಟುಕೊಳ್ಳುತ್ತಾರೆ.

ಮೂವರು ಮೂರು ಹೇಳಿದ್ದೇಕೆ

ಠಾಣೆ ಊರಿನ ಸರ್ಜನ್ ನೋಡಿದ್ದು ಒಂದು ಎಕ್ಸ್‌ರೇ ಮಾತ್ರ. ಅವರು ದೊಡ್ಡ ಬಟ್ಟಲು ಅಂದರು. ಮುಂಬೈಯ ಪರೇಲಿನವರು ಬೇರೆ ಕಡೆ ತೆಗೆದ, ಲೋಹದ ಮಿಂಚು ತುಂಬಿದ ಸಿಟಿ ನೋಡಿ, ಮೂಳೆ ಎರಡಾಗಿರಬಹುದು, ಅಳತೆಗೆ ಮಾಡಿಸೋಣ ಅಂದರು. ಮೂರನೆಯವರನ್ನು ಕಾಣಲು ಬೆಳಗಿನ ಇಂದ್ರಾಯಣಿ ರೈಲಿನಲ್ಲಿ ಕಲ್ಯಾಣದಿಂದ ಪುಣೆಗೆ ನಾನೊಬ್ಬಳೇ ಹೋದೆ, ಫೈಲು, ಸಿಡಿ ಹಿಡಿದು. ಅವರು ಯಾವ ಇಂಪ್ಲಾಂಟಿನ ಹೆಸರೂ ಹೇಳಲಿಲ್ಲ. ‘ಮೊದಲು ಸಿಆರ್‌ಪಿ, ಹೊಸ ಸಿಟಿ, ಹಳೇ ಸ್ಟಿಕ್ಕರ್’ ಅಂದರು. ಎಲ್ಲ ಬಂದ ಮೇಲೆ ಗಡಿಯಾರ ಬರೆದರು. 10ರಿಂದ 2. 3ಎ. ಬೆಣೆ ಮತ್ತು ಬಟ್ಟಲು. ಆಮೇಲೆ ಹೇಳಿದ ಮಾತು ನಾನು ಬರೆದಿಟ್ಟುಕೊಂಡಿದ್ದೇನೆ: ಬಟ್ಟಲು ತೆಗೆದ ಮೇಲೆ ಮೂಳೆ ಎರಡಾಗಿದ್ದು ಕಂಡರೆ ಪಂಜರ ಹಾಕುತ್ತೇನೆ, ಅದನ್ನೂ ಅಂದು ತರಿಸಿಟ್ಟಿರುತ್ತೇನೆ.

ಒಳ್ಳೆಯ ಉತ್ತರದ ಗುರುತು ಇದೇ ಅಂತ ನಾನು ನಂಬುತ್ತೇನೆ. ಸಡಿಲ ಬಟ್ಟಲು ತೆಗೆದಾಗ ಎಕ್ಸ್‌ರೇಯಲ್ಲಿ ಕಂಡದ್ದಕ್ಕಿಂತ ಜಾಸ್ತಿ ಮೂಳೆ ಹೋಗಿರುವುದು ಸಾಮಾನ್ಯ. ಅದಕ್ಕೇ ಪ್ರತಿ ಸರ್ಜನ್‌ಗೂ ಇದನ್ನು ಕೇಳಿ: ‘ಒಳಗೆ ಅಂದುಕೊಂಡದ್ದಕ್ಕಿಂತ ಕೆಟ್ಟದಾಗಿದ್ದರೆ ಏನು ಮಾಡುತ್ತೀರಿ? ಅದರ ಸಾಮಾನು ಅಂದು ಆಪರೇಷನ್ ಥಿಯೇಟರಿನಲ್ಲಿ ಇರುತ್ತದೆಯೇ?’ ಇನ್ನೂ ಎರಡು ಪ್ರಶ್ನೆ. ವರ್ಷಕ್ಕೆ ಇಂಥ ಎಷ್ಟು ರಿವಿಷನ್, ಅಂದರೆ ಹಳೇ ಕೀಲಿನ ಮರು ಆಪರೇಷನ್, ಮಾಡುತ್ತೀರಿ? ಗಟ್ಟಿಯಾಗಿ ಕೂತ ಹಳೇ ಬಟ್ಟಲನ್ನು ಮೂಳೆ ಕೀಳದಂತೆ ಸುತ್ತಲೂ ಕೊರೆದು ತೆಗೆಯುವ ಬಾಗಿದ ಬ್ಲೇಡಿನ ಉಪಕರಣ ನಿಮ್ಮಲ್ಲಿದೆಯೇ? ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ದುಡ್ಡಿನ ವಿಷಯವನ್ನೂ ಹಾಗೇ ಕೇಳಿ. ಮೊದಲ ಯೋಜನೆಗೆ ಎಷ್ಟು, ಎರಡನೆಯದಕ್ಕೆ ಎಷ್ಟು ಅಂತ ಬರೆದು ಕೊಡಲಿ. ಇಂಪ್ಲಾಂಟ್, ಐಸಿಯು, ರಕ್ತ ಬೇರೆ ಬೇರೆ ಸಾಲಿನಲ್ಲಿ. ಇನ್ಶೂರೆನ್ಸ್‌ಗೆ ಅರ್ಜಿ ಹಾಕುವಾಗ ಎರಡೂ ಯೋಜನೆ ನಮೂದಿಸಿ, ಇಲ್ಲದಿದ್ದರೆ ಡಿಸ್ಚಾರ್ಜ್ ದಿನ ತಕರಾರು. ಮಹಾರಾಷ್ಟ್ರದ ರೇಷನ್ ಕಾರ್ಡ್ ಇರುವವರು ಆಸ್ಪತ್ರೆಯಲ್ಲಿ ಕೂರುವ ಆರೋಗ್ಯಮಿತ್ರ ಎಂಬ ಸಹಾಯಕರ ಹತ್ತಿರ ರಾಜ್ಯ ಸರ್ಕಾರದ ಮಹಾತ್ಮಾ ಫುಲೆ ಆರೋಗ್ಯ ಯೋಜನೆಯಲ್ಲಿ ರಿವಿಷನ್ ಬರುತ್ತದೆಯೇ ಅಂತ ವಿಚಾರಿಸಿ.

ಮನೆಗೆ ಬಂದ ಮೇಲೆ

ಆಪರೇಷನ್ ಆದದ್ದು 2023ರ ಫೆಬ್ರುವರಿಯಲ್ಲಿ. ಮೂಳೆ ಎರಡಾಗಿರಲಿಲ್ಲ. ಬೆಣೆ, ಬಟ್ಟಲು, ಐದು ಸ್ಕ್ರೂ. ತೆಗೆದ ಲೈನರನ್ನು ಒಂದು ಡಬ್ಬಿಯಲ್ಲಿ ತೋರಿಸಿದರು. ಒಂದು ಬದಿ ದಪ್ಪ, ಇನ್ನೊಂದು ಬದಿ ಕಾಗದದಷ್ಟು ತೆಳ್ಳಗೆ. ಅಮ್ಮ ಅದನ್ನು ತುಂಬಾ ಹೊತ್ತು ನೋಡಿದಳು. ‘ಪಾಪ, 20 ವರ್ಷ ದುಡಿದಿದೆ ಮಾರಾಯ್ತಿ’ ಅಂದಳು.

ಆರು ವಾರ ವಾಕರ್, ಆ ಕಾಲಿಗೆ ಅರ್ಧ ಭಾರ. ಆಮೇಲೆ ಕೋಲು. ಡೊಂಬಿವಿಲಿಯ ನಮ್ಮ ಒಂದು ಬೆಡ್‌ರೂಮಿನ ಮನೆಯಲ್ಲಿ ವಾಕರ್ ತಿರುಗಲು ಜಾಗ ಮಾಡುವುದೇ ದೊಡ್ಡ ಕೆಲಸ. ಊಟದ ಮೇಜು ಪಕ್ಕದ ಮನೆಯವರು ಇಟ್ಟುಕೊಂಡರು. ಕಮೋಡಿನ ಮೇಲೆ ಎತ್ತರದ ಸೀಟು ಮೊದಲೇ ತಂದಿಡಿ. ನೆಲದ ಮೇಲೆ ಕೂರುವುದು, ಕಾಲ ಮೇಲೆ ಕಾಲು ಹಾಕುವುದು, ಬಗ್ಗಿ ಚಪ್ಪಲಿ ಎತ್ತುವುದು ಬೇಡ. ಅಮ್ಮನಿಗೆ ಕಷ್ಟವಾದದ್ದು ದೇವರ ಮುಂದೆ ಕೂರಲು ಆಗದ್ದು. ಮಂಟಪವನ್ನೇ ಗೋಡೆಗೆ ಎತ್ತರದಲ್ಲಿ ಹೊಡೆಸಿದೆವು. ಪಾದ ಮೇಲೆತ್ತಲು ಆಗದಿದ್ದರೆ, ಗಾಯ ಒದ್ದೆಯಾದರೆ, ಮೀನಖಂಡ ಊದಿ ನೋಯುತ್ತಿದ್ದರೆ ಕಾಯಬೇಡಿ, ಅಂದೇ ಫೋನ್ ಮಾಡಿ.

ಆರು ವಾರ, ಮೂರು ತಿಂಗಳು, ಒಂದು ವರ್ಷಕ್ಕೆ ಎಕ್ಸ್‌ರೇ ಆಯಿತು. ಈಗ ವರ್ಷಕ್ಕೊಂದು, ನೋವು ಇರಲಿ, ಇಲ್ಲದಿರಲಿ. ಹೊಸ ಸ್ಟಿಕ್ಕರಿನ ಫೋಟೊ ನನ್ನ ಫೋನಿನಲ್ಲೂ ತಮ್ಮನ ಫೋನಿನಲ್ಲೂ ಇದೆ. ಸೀರೆಯ ಅಂಚು ಎರಡೂ ಕಡೆ ಸಮ ನಿಲ್ಲುತ್ತದೆ.